ಅತ್ತೆಯ ಕಟ್ಟೆಗೊಂದು ಟಿವಿ

ಮನೆಗೆ ಟಿವಿ ಆರಿಸುವ ಕೆಲಸ ನನ್ನ ತಲೆಗೆ ಯಾಕೆ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ. ಟಿವಿ ಅಂದರೆ ನನಗೆ ಅಷ್ಟಕ್ಕಷ್ಟೇ. ಬೆಳಿಗ್ಗೆ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಹೋಗುವ ಬಸ್ಸು ಹಿಡಿದು, ಹಳ್ಳಿಯ ಶಾಲೆಯಲ್ಲಿ ದಿನವೆಲ್ಲ ಗಂಟಲು ಹರಿದುಕೊಂಡು ಬಂದರೆ, ಸಂಜೆ ಯಾರ ದನಿಯೂ ಕಿವಿಗೆ ಬೀಳುವುದು ಬೇಡ ಅನ್ನಿಸುತ್ತದೆ. ಅಂಥವಳು ಒಂದು ಟಿವಿಗಾಗಿ ಮೂರು ಊರಿನ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದೆ.

ಟಿವಿ ಬೇಕಾಗಿದ್ದು ನಮ್ಮ ಅತ್ತೆಗೆ. ಸುಮ್ಮನೆ ನೋಡಲಿಕ್ಕಲ್ಲ, ಹೇಳಲಿಕ್ಕೆ. ನಮ್ಮ ಓಣಿಯ ಹೆಂಗಸರು ಹೆಚ್ಚಿನವರು ಕೂಲಿಗೆ ಹೋಗುವವರು. ಅವರು ಬಂದು, ಕೈಕಾಲು ತೊಳೆದು, ಅಡಿಗೆಗೆ ನಿಲ್ಲುವ ಹೊತ್ತಿಗೆ ಸಂಜೆಯ ಧಾರಾವಾಹಿ ಮುಗಿದುಹೋಗಿರುತ್ತದೆ. ಹಾಗಾಗಿ ಬೆಳಿಗ್ಗೆ ನಲ್ಲಿಗೆ ಕೊಡ ಹಚ್ಚಿ, ಅದು ತುಂಬುವ ತನಕ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, "ದೊಡ್ಡವ್ವಾ, ನಿನ್ನಿ ಏನಾತು?" ಎಂದು ಕೇಳುತ್ತಾರೆ. ಅತ್ತೆ ಎಲೆ ಅಡಿಕೆ ದವಡೆಗೆ ಒತ್ತಿಕೊಂಡು ಶುರು ಮಾಡುತ್ತಾರೆ. ಅವರು ಹೇಳುವುದೆಂದರೆ ಸುಮ್ಮನೆ ಹೇಳುವುದಲ್ಲ. ಆ ಧಾರಾವಾಹಿಯ ನಾದಿನಿಯನ್ನು ಬೈಯುತ್ತಾರೆ, ಸೊಸೆಯ ಪರವಾಗಿ ಅಳುತ್ತಾರೆ, ಗಂಡನ ದನಿ ತೆಗೆದು ಗದರುತ್ತಾರೆ. ಕೊಡ ತುಂಬಿ ಹರಿದರೂ ಒಬ್ಬರೂ ಏಳುವುದಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆಗೆ ಅಂತ ಉಳಿದ ಜಾಗ ಅದೊಂದೇ, ಆ ಕಟ್ಟೆ.

ಹಳೆಯ ಟಿವಿ ನನ್ನ ಮದುವೆಯ ಹೊಸದರಲ್ಲಿ ಬಂದದ್ದು. ಹಿಂದುಗಡೆ ದೊಡ್ಡ ಡುಬ್ಬ, ಸುತ್ತಲೂ ದಪ್ಪ ಪ್ಲಾಸ್ಟಿಕ್ಕಿನ ಚೌಕಟ್ಟು, ಮುಂದೆಯೇ ಸ್ಪೀಕರಿನ ಜಾಳಿಗೆ. ಅತ್ತೆ ಪ್ರತಿ ಸೋಮವಾರ ಸ್ವಾಮಿಯ ಗುಡಿಗೆ ಹೋಗಿ ಬಂದವರು ಮನೆಯಲ್ಲಿ ದುಡಿಯುವ ಸಾಮಾನುಗಳಿಗೆಲ್ಲ ವಿಭೂತಿ ಹಚ್ಚುತ್ತಾರೆ. ಮಿಕ್ಸಿಗೆ ಮೂರು ಬೆರಳು, ಮಗನ ಸ್ಕೂಟರಿಗೆ ಮೂರು ಬೆರಳು, ಟಿವಿಯ ಚೌಕಟ್ಟಿಗೆ ಮೂರು ಬೆರಳು. ಹಚ್ಚಿ ಹಚ್ಚಿ ಆ ಕರಿ ಪ್ಲಾಸ್ಟಿಕ್ಕು ಬೆಳ್ಳಗಾಗಿತ್ತು.

ಒಂದು ಸಂಜೆ ಅದರ ಚಿತ್ರ ಕುಗ್ಗಿ ಕುಗ್ಗಿ ನಡುವೆ ಒಂದು ಬಿಳಿ ಗೆರೆಯಾಗಿ, ಆ ಗೆರೆಯೂ ಹೋಯಿತು. ದನಿ ಮಾತ್ರ ಉಳಿಯಿತು. ಅತ್ತೆ ಎದ್ದೇಳಲಿಲ್ಲ.

"ಏ ಬೇ, ಟಿವಿ ಹೋತು, ಏಳು," ಎಂದರು ನನ್ನ ಗಂಡ.

"ಎಲ್ಲಿ ಹೋಗೇತೋ? ಮಾತಾಡಾಕತ್ತೈತಲ್ಲ! ಇರ್ಲಿ ಬಿಡು, ನಡೀತೈತಿ."

"ರೇಡಿಯೋ ಏನಬೇ ಅದು?"

ಆಮೇಲೂ ಎಷ್ಟೋ ದಿನ ಅತ್ತೆ ಆ ಕಪ್ಪು ಡಬ್ಬಿಯ ಮುಂದೆಯೇ ಕೂತು, ಮರುದಿನ ಕಟ್ಟೆಯ ಮೇಲೆ ಎಂದಿನಂತೆಯೇ ಕಥೆ ಹೇಳಿದರು. ದಿನವೂ ನೋಡಿದವರಿಗೆ ದನಿ ಕೇಳಿದರೂ ಸಾಕು ಎಂದು ನಾನು ಅಂದುಕೊಂಡೆ. ಆದರೆ ನನ್ನ ಗಂಡನಿಗೆ ಮರ್ಯಾದೆಯ ಪ್ರಶ್ನೆ. ಹರಪನಹಳ್ಳಿಯಲ್ಲಿ ನೌಕರಿ ಇದ್ದ ಮಗ ತಾಯಿಯನ್ನು ಕೆಟ್ಟ ಟಿವಿಯ ಮುಂದೆ ಕೂರಿಸಿದ್ದಾನೆ ಅಂತ ಯಾರಾದರೂ ಅಂದರೆ? ಹಿರೇಹಡಗಲಿಯಲ್ಲಿದ್ದ ನಾದಿನಿಯಿಂದಲೂ ಫೋನು ಬಂತು. "ಅತ್ತಿಗಿ, ಅವ್ವನ ಕಣ್ಣು ಮೊದ್ಲೇ ಮಂಜು. ದೊಡ್ಡದು ತಗೊಳ್ರಿ, ಗ್ವಾಡಿ ತುಂಬ ಇರಬೇಕು ನೋಡ್ರಿ." ದೂರದಲ್ಲಿ ಕೂತು ಹೇಳುವವರಿಗೆ ಏನು!

ಕಣ್ಣು ಮಂಜು ಅನ್ನುವುದು ನಮಗೂ ಗೊತ್ತಿತ್ತು. ಪೊರೆ ತೆಗೆಸಿದ್ದೆವು. ಹೇಗೆ ಕಾಣುತ್ತದೆ ಎಂದು ಕೇಳಿದಾಗಲೆಲ್ಲ "ಚೊಲೋ ಕಾಣ್ತೈತಿ" ಅನ್ನುವುದೇ ಅತ್ತೆಯ ಉತ್ತರ. ಜೋಳ ಹಸನು ಮಾಡುವುದನ್ನು ಬಿಟ್ಟಿದ್ದರು, ಮೊಣಕಾಲು ನೋವು ಅಂದಿದ್ದರು. ಗುಡಿಗೆ ಪಕ್ಕದ ಮನೆಯವಳ ಕೈ ಹಿಡಿದು ಹೋಗುತ್ತಿದ್ದರು, ಅದೂ ಮೊಣಕಾಲಿಗೇ ಅಂದಿದ್ದರು.

ಸರಿ, ಹೊರಟೆ. ಕೊಟ್ಟೂರಿನ ಅಂಗಡಿಯಲ್ಲಿ ಗೋಡೆಯ ತುಂಬ ಟಿವಿ, ಎಲ್ಲದರಲ್ಲೂ ಅದೇ ಮೀನು, ಅದೇ ಹೂವು. ಶಾಲೆಯ ಮೀಟಿಂಗಿಗೆಂದು ಹಗರಿಬೊಮ್ಮನಹಳ್ಳಿಗೆ ಹೋದಾಗ ಅಲ್ಲಿಯೂ ನುಗ್ಗಿದೆ. ಅಲ್ಲೂ ಅದೇ ಮೀನು. ಅಂಗಡಿಯವರು ಬಣ್ಣ ಅಂದರು, ಇಂಚು ಅಂದರು, ಮೊಬೈಲಿಗೆ ಜೋಡಿಸಬಹುದು ಅಂದರು. ಒಂದು ಟಿವಿಯ ಬಾಯಿಂದಲೂ ಮಾತಿಲ್ಲ. ಎಲ್ಲದರ ದನಿ ಬಂದ್ ಮಾಡಿ ಮೂಲೆಯ ಒಂದು ಡಬ್ಬಿಯಿಂದ ಹಾಡು ಹಚ್ಚಿದ್ದರು. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಇಷ್ಟು ಬಣ್ಣ ಯಾರಿಗೆ ಬೇಕಪ್ಪಾ, ಒಂದು ಕುರ್ಚಿ ಕೊಟ್ಟರೆ ಸಾಕು, ಕೂತುಬಿಡುತ್ತೇನೆ ಅನ್ನಿಸಿತು.

ಕೊನೆಗೆ ಒಂದು ಭಾನುವಾರ ಅತ್ತೆಯನ್ನೂ ಕರೆದುಕೊಂಡು ಹರಪನಹಳ್ಳಿಗೆ ಹೋದೆವು. ಗಂಡ ಹಳೆಯ ಟಿವಿಯನ್ನು ಪರಿಚಯದವರ ಆಟೋದಲ್ಲಿ ಹೇರಿಸಿದ್ದರು. ಅದನ್ನು ಕೊಟ್ಟರೆ ಹೊಸದರಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾರಂತೆ. ಅತ್ತೆ ದಾರಿಯುದ್ದಕ್ಕೂ ಅದರ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಅಂಗಡಿಯಲ್ಲಿ ಒಂದು ದೊಡ್ಡ ಟಿವಿಯ ಮುಂದೆ ನಿಲ್ಲಿಸಿದರೆ, "ಇದನ್ನ ಮಾತಾಡಸ್ರಿ" ಅಂದರು.

ಅಂಗಡಿಯವರು ನಕ್ಕರು. "ಅಜ್ಜೀ, ಮೊದ್ಲು ಪಿಚ್ಚರ್ ನೋಡ್ರಿ, ಹೆಂಗೈತೆ! ಸೌಂಡ್ ಎಲ್ಲಾದ್ರಾಗೂ ಬರ್ತೈತೆ."

"ಇರ್ಲಿ, ಒಂದೀಟು ಮಾತಾಡಸ್ರಿ."

ಅಷ್ಟರಲ್ಲಿ ಬೇರೆ ಗಿರಾಕಿ ಬಂದರು, ಆ ಮಾತು ಅಲ್ಲಿಗೇ ನಿಂತಿತು. ನನ್ನ ಕಾಲು ಬಿದ್ದುಹೋಗಿದ್ದವು. "ರೀ, ಇದೇ ಸಾಕು, ಕಟ್ಟಿಸ್ರಿ" ಅಂದೆ. ಹಳೆಯದನ್ನು ಒಳಗಿನ ಗೋದಾಮಿಗೆ ಎತ್ತಿಕೊಂಡು ಹೋದರು. ಸಾಕಪ್ಪಾ ಸಾಕು, ಮುಗಿಯಿತು ಎಂದು ಉಸಿರು ಬಿಟ್ಟೆ.

ಎಲ್ಲಿ ಮುಗಿಯುತ್ತದೆ? ಎರಡು ದಿನ ಬಿಟ್ಟು ಅಂಗಡಿಯವರು ಬಂದು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಗಂಡ ಕಾಯಿ ಒಡೆದರು. ಅತ್ತೆ ಎದುರಿಗೆ ಕೂತು "ಚೊಲೋ ಐತಿ" ಅಂದರು. ಆದರೆ ಬೆಳಗಾದರೆ ಕಟ್ಟೆಯ ಮೇಲೆ ಮಾತು ಎರಡೇ ನಿಮಿಷ. "ನಿನ್ನಿ ಏನೂ ಆಗಲಿಲ್ಲವ್ವಾ, ಬರೇ ಜಾಹೀರಾತು." ಹೆಂಗಸರು ಮುಖ ಮುಖ ನೋಡಿಕೊಂಡರು. ಇನ್ನೊಂದು ದಿನ ಮೊಣಕಾಲು ನೋವೆಂದು ಅತ್ತೆ ಹೊರಗೆ ಬರಲೇ ಇಲ್ಲ. ಸಂಜೆ ರಿಮೋಟು ಒತ್ತಿ ಒತ್ತಿ ಸೌಂಡು ಹೆಚ್ಚಿಸುವರು, ಗಂಡ ಬಂದು ಕಡಿಮೆ ಮಾಡುವರು. ಕೊಡಗಳು ತುಂಬಿದ ಕೂಡಲೇ ಹೆಂಗಸರು ಎತ್ತಿಕೊಂಡು ಹೋಗತೊಡಗಿದರು. ಇಷ್ಟೆಲ್ಲ ಓಡಾಡಿ ತಂದ ಟಿವಿ ಮನೆಯಲ್ಲಿದ್ದೂ ಕಟ್ಟೆ ಬರಿದಾಯಿತಲ್ಲ ಎಂದು ನನಗೆ ಸಿಟ್ಟು. ಯಾರ ಮೇಲೆ ಅಂತ ಗೊತ್ತಿರಲಿಲ್ಲ.

ಸೋಮವಾರ ಬಂತು. ಅವತ್ತು ನನಗೆ ರಜೆ. ಅತ್ತೆ ಗುಡಿಯಿಂದ ಬಂದರು, ಮಿಕ್ಸಿಗೆ ಹಚ್ಚಿದರು, ಸ್ಕೂಟರಿಗೆ ಹಚ್ಚಿದರು. ಟಿವಿ ಆನ್ ಆಗಿಯೇ ಇತ್ತು. ಒಬ್ಬಳು ವಾರ್ತೆ ಓದುತ್ತಿದ್ದಳು. ಅತ್ತೆ ಗೋಡೆ ಹಿಡಿದು ಬಂದು, ಕೈ ಚಾಚಿ, ಮೂರು ಬೆರಳಿನ ವಿಭೂತಿಯನ್ನು ಅವಳ ಮುಖದ ಮೇಲೆ ಈ ಕಡೆಯಿಂದ ಆ ಕಡೆಗೆ ಎಳೆದರು.

"ಅತ್ತೀ! ಎಲ್ಲಿ ಹಚ್ಚಾಕತ್ತೀರಿ? ಗ್ಲಾಸಿಗೆ ಹಚ್ಚಬ್ಯಾಡ್ರಿ ಅಂದಿದ್ನಲ್ಲ!" ಎಂದು ಅಡಿಗೆಮನೆಯಿಂದಲೇ ಕೂಗಿದೆ.

ಅತ್ತೆಯ ಕೈ ಗಾಜಿನ ಮೇಲೆ ಇನ್ನೂ ತಡಕಾಡುತ್ತಿತ್ತು. "ಚೌಕಟ್ಟು ಎಲ್ಲೈತವ್ವಾ ಇದಕ್ಕ?"

ಅಷ್ಟು ಬೆಳಕಿನ ಟಿವಿ, ಗೋಡೆ ತುಂಬುವಷ್ಟು ದೊಡ್ಡದು. ನಾನು ಹತ್ತಿರ ಹೋಗಿ ಅವರ ಕಣ್ಣ ಮುಂದೆ ಕೈಯಾಡಿಸಿದೆ. ರೆಪ್ಪೆ ಅಲುಗಲಿಲ್ಲ.

"ಕೈ ಆಡಸಬ್ಯಾಡ. ಮುಖಕ್ಕ ಗಾಳಿ ಬಡಿತೈತಿ," ಅಂದರು ಅತ್ತೆ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. "ಯಾವಾಗಿಂದ, ಅತ್ತಿ?"

"ಬೆಳಕು ಕಾಣ್ತೈತಿ. ಮಂದಿ ಕಾಣಂಗಿಲ್ಲ. ಭಾಳ ದಿನ ಆತು."

"ಹೇಳಾಕ ಏನಾಗಿತ್ರಿ ನಿಮಗ? ಮೂರು ಊರು ತಿರುಗಿ ದೊಡ್ಡದು ಹುಡುಕಿದ್ನಲ್ರಿ! ಬಣ್ಣ, ಇಂಚು ಅಂತ ಜೀವ ಹೋತು ನಂದು!"

"ಹೇಳಿದ್ರ ಕಟ್ಟಿ ಮ್ಯಾಲೆ ನನ್ನ ಮಾತು ಯಾರು ಕೇಳ್ತಾರವ್ವಾ? ಕುರುಡಿ ಏನು ಟಿವಿ ನೋಡಿ ಹೇಳ್ತಾಳ ಅಂತಾರ. ಹಳೇದು ನನ್ನ ಮುಂದ ಮಾತಾಡತಿತ್ತು, ಎಲ್ಲಾ ತಿಳೀತಿತ್ತು. ಇದು ಗ್ವಾಡಿ ಕಡೆ ಮುಖ ಮಾಡಿ ಮಾತಾಡತೈತಿ. ಏನೂ ತಿಳಿಯಂಗಿಲ್ಲ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ಜನ ಇದ್ದ ಮನೆಯಲ್ಲಿ ಒಬ್ಬಳೇ ಕತ್ತಲೆಯಲ್ಲಿ ಕೂತು "ಚೊಲೋ ಕಾಣ್ತೈತಿ" ಅನ್ನುವುದಕ್ಕೂ ಒಂದು ಗಟ್ಟಿ ಜೀವ ಬೇಕು. ಟಿವಿಯ ಹಿಂದೆ ಬಗ್ಗಿ ನೋಡಿದೆ. ಸ್ಪೀಕರಿನ ತೂತುಗಳು ನಿಜವಾಗಿಯೂ ಹಿಂದುಗಡೆಯೇ ಇದ್ದವು.

ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಇದು ಪೊರೆಯಲ್ಲ, ಒಳಗಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ ಅಂದರು. ಗಂಡ ಬಸ್‌ಸ್ಟ್ಯಾಂಡಿನಲ್ಲಿ ಮುಖ ತಿರುಗಿಸಿಕೊಂಡು ನಿಂತರು. ಹರಪನಹಳ್ಳಿಗೆ ಹೋಗಿ ಹಳೆಯ ಟಿವಿ ಕೇಳಿದರೆ, "ಅದನ್ನ ಗುಜರಿಗೆ ಹಾಕಿದ್ವಲ್ರೀ" ಎಂದು ಅಂಗಡಿಯವರು ಇವರನ್ನೇ ವಿಚಿತ್ರವಾಗಿ ನೋಡಿದರಂತೆ.

ಕೊನೆಗೆ ಅತ್ತೆಯೇ ದಾರಿ ಕಂಡುಕೊಂಡರು. ತಮ್ಮ ಚಾಪೆಯನ್ನು ಎಳೆದುಕೊಂಡು ಟಿವಿಯ ಕೆಳಗೇ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತರು. ಅಲ್ಲಿ ಕೂತರೆ ಗೋಡೆಗೆ ಬಡಿದ ದನಿ ನೇರ ಕಿವಿಗೆ ಇಳಿಯುತ್ತದಂತೆ. ಈಗ ಸಂಜೆ ನಮ್ಮ ಮನೆಗೆ ಬಂದರೆ ನಗು ಬರುತ್ತದೆ. ನಾವು ಟಿವಿ ಕಡೆ ಮುಖ ಮಾಡಿ ಕೂತಿರುತ್ತೇವೆ, ಅತ್ತೆ ಟಿವಿಗೆ ಬೆನ್ನು ಮಾಡಿ ನಮ್ಮ ಕಡೆ ಕೂತಿರುತ್ತಾರೆ. ಟಿವಿಯಲ್ಲಿ ಯಾರೂ ಮಾತಾಡದೆ ಬರೀ ಸಂಗೀತ ಬಂತೆಂದರೆ, "ಈಗ ಏನು ಮಾಡಾಕತ್ಯಾರ?" ಎನ್ನುತ್ತಾರೆ. ನಾನು ಹೇಳಬೇಕು. ಪರೀಕ್ಷೆಯ ಪೇಪರು ತಿದ್ದುತ್ತಾ, ನಿದ್ದೆ ತೂಗುತ್ತಾ, ಬಾಗಿಲು ತೆಗೆದಳು, ಪತ್ರ ಹರಿದಳು, ಕಣ್ಣು ಬಿಟ್ಟಳು ಅಂತ ಹೇಳುತ್ತೇನೆ. ಯಾವ ಜನ್ಮದ ಋಣವೋ, ಧಾರಾವಾಹಿ ಅಂದರೆ ಆಗದವಳಿಗೆ ಈಗ ಅದರ ಒಬ್ಬೊಬ್ಬರ ಹಣೆಬರಹವೂ ಬಾಯಿಪಾಠ.

ಕಟ್ಟೆಗೆ ಮಾತ್ರ ಅತ್ತೆ ಹೋಗಿರಲಿಲ್ಲ. ಮೊನ್ನೆ ಬೆಳಿಗ್ಗೆ ತಾವಾಗಿಯೇ ಗೋಡೆ ಹಿಡಿದು ಹೋಗಿ ಕೂತರು. ಹೆಂಗಸರು ಒಬ್ಬೊಬ್ಬರೇ ಬಂದರು. ಹಿಂದಿನ ಸಂಜೆ ಧಾರಾವಾಹಿಯಲ್ಲಿ ಸೊಸೆ ಮನೆ ಬಿಟ್ಟು ಹೊರಟಿದ್ದಳು. ಅತ್ತೆ ಹೇಳುತ್ತ ಹೇಳುತ್ತ ಹಳೆಯ ದನಿಗೆ ಬಂದರು. ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಬಸ್ಸಿನ ಹೊತ್ತಾಗಿತ್ತು.

"ಹೊಂಟಾಗ ಯಾವ ಸೀರಿ ಉಟ್ಟಿದ್ಲು ದೊಡ್ಡವ್ವಾ?" ಎಂದು ಒಬ್ಬಳು ಕೇಳಿದಳು.

ಮೊದಲಾದರೆ ಅತ್ತೆ ಬಾಯಿಗೆ ಬಂದ ಬಣ್ಣ ಹೇಳಿಬಿಡುತ್ತಿದ್ದರು. ಈ ಸಲ ಬಾಯೊಳಗಿನ ಎಲೆ ಅಡಿಕೆ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡರು.

"ನಂಗ ಕಣ್ಣು ಹೋಗ್ಯಾವವ್ವಾ. ಸೀರಿ ಕಾಣಂಗಿಲ್ಲ."

ನಲ್ಲಿಯ ಕೊಡ ತುಂಬಿ ಹರಿಯತೊಡಗಿತು. ಯಾರೂ ಎದ್ದು ಹೋಗಲಿಲ್ಲ.

ಕೇಳಿದವಳು ಸರಿದು ಅತ್ತೆಯ ಮಗ್ಗುಲಿಗೆ ಬಂದಳು. "ಸೀರಿ ಹಾಳಾಗಿ ಹೋಗ್ಲಿ ಬಿಡು ದೊಡ್ಡವ್ವಾ. ಮುಂದ ಏನಾತು, ಅದನ್ನ ಹೇಳು."

ಅತ್ತೆ ಹೇಳಿದರು. ನನ್ನ ಬಸ್ಸು ಆಗಲೇ ಹೋಗಿತ್ತು. ನಾನು ಚಪ್ಪಲಿ ಬಿಚ್ಚಿ ಕಟ್ಟೆಯ ತುದಿಗೆ ಕೂತೆ.