ಕ್ಲಚ್ ಕವರಿನ ಮೇಲಿನ ಗುಳಿಗಳು

ಹೋದ ಭಾನುವಾರ ನಾನು ಕಮಲಾಪುರಕ್ಕೆ ಹೊಗಳಿಸಿಕೊಳ್ಳಲು ಹೋಗಿದ್ದೆ.

ನಗಬೇಡಿ. ನೀವೂ ಹೋಗಿರುತ್ತೀರಿ. ಹೊಸ ಕಾರು ತಗೊಂಡವರು ಮೊದಲು ಬೀಗರ ಮನೆ ಮುಂದೆಯೇ ಹಾರ್ನ್ ಹಾಕುವುದಿಲ್ಲವೇ? ನಾನು ಹೋಗಿದ್ದು ಹಳೇ ಬೈಕಿನ ಮೇಲೆ, ಅಕ್ಕನ ಮನೆಗೆ.

ಬೈಕು ಭಾವನದು. ಅವರು ತೀರಿಕೊಂಡ ಮೇಲೆ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. "ಇಲ್ಲೇ ನಿಂತು ತುಕ್ಕು ಹಿಡ್ಯೋದಕ್ಕಿಂತ ನೀನರ ಓಡ್ಸೋ ತಮ್ಮಾ" ಎಂದು ಅಕ್ಕ ಕೀಲಿ ಕೊಟ್ಟಳು. ಕಲಬುರಗಿಯ ನಮ್ಮ ಮನೆಗೆ ತಂದೆ. ಇಂಜಿನ್ ಗಟ್ಟಿಯಾಗಿತ್ತು. ನೋಡಲು ಗಲೀಜಾಗಿದ್ದದ್ದು ಬಲಬದಿಯ ಕ್ಲಚ್ ಕವರ್ ಒಂದೇ. ಅದು ಅಲ್ಯೂಮಿನಿಯಂ ಎಂದು ಯಾರಿಗೂ ಗೊತ್ತಾಗದಷ್ಟು ಬಣ್ಣ, ಬಣ್ಣದ ಮೇಲೆ ಎಣ್ಣೆ ಜಿಡ್ಡು. (ಪ್ರತಿ ದಸರೆಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಭಾವ ತಾವೇ ಬ್ರಷ್ ಹಿಡಿದು ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಹಳೆಯದನ್ನು ಕೆರೆಯದೇ!)

"ಹೊಸಾ ಕವರ್ ಹಾಕಿಬಿಡ್ರೀ ಸರ್" ಎಂದ ಮೆಕ್ಯಾನಿಕ್. "ಇಲ್ಲಂದ್ರ ನಂದೂರದಾಗ ಮಷೀನಿಲೆ ಬಫಿಂಗ್ ಪಾಲಿಶ್ ಮಾಡೋರು ಅದಾರ, ಅಲ್ಲಿ ಕೊಡ್ರಿ."

ಹೊಸದು ಬೇಡವೆಂದೆ. ಭಾವನ ನೆನಪು, ಹಳೆಯದೇ ಇರಲಿ ಅಂತ. ನಂದೂರವೂ ಬೇಡವೆಂದೆ. ಅದು ನೆನಪಿಗಾಗಿ ಅಲ್ಲ, ಜಿಪುಣತನಕ್ಕೆ. ಮೊಬೈಲಿನಲ್ಲಿ ವೀಡಿಯೊ ಇರುವಾಗ ದುಡ್ಡು ಯಾಕೆ ದಂಡ?

ಪೇಂಟ್ ರಿಮೂವರ್ ಹಚ್ಚಿದೆ. ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಬೂದು ಬಣ್ಣದ ಲೋಹ. ಕಿಕ್ಕರ್ ಹತ್ತಿರದ ಮೂಲೆಯಲ್ಲಿ ಮಾತ್ರ ಸಣ್ಣ ಸಣ್ಣ ಗುಳಿಗಳು, ಒಳಗೆಲ್ಲ ಬಣ್ಣ ಕಚ್ಚಿಕೊಂಡಿತ್ತು. ವೀಡಿಯೊದವನು ಹೇಳಿದ್ದ: ಅಲ್ಯೂಮಿನಿಯಂ ಹಳೆಯದಾದರೆ ಗುಳಿ ಬೀಳುತ್ತದೆ, ಅವು ಪೂರ್ತಿ ಹೋಗುವ ತನಕ ಒರಟು ಎಮರಿ ಪೇಪರಿನಲ್ಲೇ ಉಜ್ಜಿ. ಉಜ್ಜಿದೆ. ಕೈ ಬೊಬ್ಬೆ ಬಂದರೂ ಬಿಡಲಿಲ್ಲ. ಆಮೇಲೆ ನಯ ಪೇಪರು, ಸೋಪಿನ ನೀರು, ಕೊನೆಗೆ ಪಾಲಿಶ್. ಹೆಂಡತಿ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿ ಮಾಡಿಕೊಂಡಳು. ಇನ್ನೇನು ಬೇಕು?

ಭಾನುವಾರ ಕಮಲಾಪುರದಲ್ಲಿ ಹಾರ್ನ್ ಹಾಕಿದಾಗ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಅಬಾಬಾ, ಎಷ್ಟ್ ಛಂದ ಮಾಡೀಯೋ! ಹೊಸಾದು ಹಾಕ್ಸೀ ಏನು?"

ನಾನು ಸುಮ್ಮನೆ ನಕ್ಕೆ. ಇನ್ನಷ್ಟು ಹೊಗಳಲಿ ಅಂತ.

"ಹಂಗಾರ ಹಳೇದು ಎಲ್ಲಿಟ್ಟೀ? ಅದು ನನಗ ಕೊಡು."

"ಇದೇ ಹಳೇದು ಯಕ್ಕಾ! ನಾನೇ ಉಜ್ಜೀನಿ."

ಅಕ್ಕ ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕಿಕ್ಕರ್ ಹತ್ತಿರದ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದಳು. ಮತ್ತೊಮ್ಮೆ ಆಡಿಸಿದಳು. ಪೂಜೆಯ ದಿನ ಅವಳು ಕುಂಕುಮ ಒತ್ತುತ್ತಿದ್ದದ್ದು ಅದೇ ಜಾಗದಲ್ಲಿ. ಅಲ್ಲೇ ಯಾಕೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

"ಇಲ್ಲಿ ನನ್ನ ಹೆಸರಿತ್ತೋ" ಎಂದಳು.

ಈ ಮನೆಗೆ ಒಕ್ಕಲು ಬರುವ ಮುಂಚೆ ಅಕ್ಕ ಭಾವ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಭಾಂಡೆ ಕೊಂಡಿದ್ದರು. ಕೊಡ, ತಾಟು, ಚರಿಗೆ ಎಲ್ಲಕ್ಕೂ ಹೆಸರು ಹಾಕಿಸಿದರು. ನಿಮ್ಮ ಮನೆಯ ತಾಟಿನ ಹಿಂದೆಯೂ ಇರುತ್ತದಲ್ಲ, ಮಷೀನು ಟರ್ ಎಂದು ಕುಟ್ಟಿ ಬರೆಯುವ ಚುಕ್ಕಿ ಅಕ್ಷರ? ಅದೇ.

"ಭಾಂಡಿ ಮ್ಯಾಲ ಎಲ್ಲಾ ಇವ್ರದೇ ಹೆಸರು. ಮುಗದ ಮ್ಯಾಲ ಅಂಗಡಿಯವಗ, ಮಷೀನಿನ ವಾಯರ್ ಹೊರಗ ಎಳದು ಗಾಡಿಗೂ ಒಂದು ಹಾಕಪಾ ಅಂದ್ರು. ಅದೂ ಇವ್ರದೇ ಹಾಕಿಸ್ತಾರಂತ ತಿಳದಿದ್ದೆ. ನೋಡಿದ್ರ, ಮಹಾದೇವಿ."

ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದು ಕಡಿಮೆ. ಭಾವ ಅಂತೂ ಕರೆದವರೇ ಅಲ್ಲ. 'ಏ, ಕೇಳ್ತೇನು' ಎಂಬುದರಲ್ಲೇ ಸಂಸಾರ ಮುಗಿಸಿದರು.

"ಬಾಯಿಲೆ ಒಮ್ಮಿನೂ ಅನಲಿಲ್ಲ ನೋಡು. ಇಲ್ಲೊಂದು ಕಡಿ ಬರಸಿದ್ರು. ಬಣ್ಣ ಬಳದ್ ಬಳದ್ ಕಣ್ಣಿಗಿ ಕಾಣ್ತಿದ್ದಿಲ್ಲ, ಬೆರಳಿಗಿ ಹತ್ತತಿತ್ತು."

ಆ ಚುಕ್ಕಿಗಳನ್ನೇ ನಾನು ಗುಳಿ ಎಂದುಕೊಂಡು ಬೊಬ್ಬೆ ಬರುವ ತನಕ ಉಜ್ಜಿದ್ದೆ. ಮುಖ ಗೊತ್ತಿಲ್ಲದ ವೀಡಿಯೊದವನ ಮಾತು ಕೇಳಿದೆ. ಅಕ್ಕನಿಗೆ ಒಂದು ಫೋನ್ ಮಾಡಲಿಲ್ಲ. ಗಟ್ಟಿಯಾಗಿಯೇ ಕೇಳುತ್ತೇನೆ: ಹಳೆಯದನ್ನು ಚೊಕ್ಕ ಮಾಡಲು ಕೂರುವ ನಾವು, ಅದು ಯಾರದ್ದು ಎಂದು ಯಾಕೆ ವಿಚಾರಿಸುವುದಿಲ್ಲ?

"ಮತ್ತ ಹಾಕಿಸ್ಕೊಂಡು ಬರ್ತೀನಿ ಯಕ್ಕಾ. ಅದೇ ಜಾಗಾದಾಗ, ಅಂಥವೇ ಅಕ್ಷರ."

"ಬ್ಯಾಡ ಬಿಡೋ" ಎಂದಳು ಅಕ್ಕ, ಮೊಣಕಾಲು ಹಿಡಿದು ಏಳುತ್ತ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಇವ್ರು ಹಾಕ್ಸಿದ್ದು ಬ್ಯಾರೆ. ನೀ ಹಾಕ್ಸಿದ್ರ ಅದು ಬರೇ ನನ್ನ ಹೆಸರು. ಬಾ, ರೊಟ್ಟಿ ಆರ್ತಾವ."

ಬೈಕು ಈಗ ನಮ್ಮ ಮನೆ ಮುಂದಿದೆ. ಹೋಗುವವರು ಬರುವವರು ನಿಂತು ಹೊಗಳುತ್ತಾರೆ. ಕವರಿನಲ್ಲಿ ನನ್ನ ಮುಖ ನಿಚ್ಚಳವಾಗಿ ಕಾಣುತ್ತದೆ. ಆ ಮುಖವನ್ನು ಉಜ್ಜಿ ತೆಗೆಯಲು ಯಾವ ನಂಬರಿನ ಎಮರಿ ಪೇಪರ್ ಬೇಕು?