ಬೇಡ ಅನ್ನಲು ಬಾರದ ವ್ಯಾನ್ ಅಂಕಲ್

ದೀಪಾವಳಿ ಮುಗಿದು ಚಳಿ ಶುರುವಾಯಿತೆಂದರೆ ವ್ಯಾನ್ ಅಂಕಲ್ ಮೂಗು ಟೊಮೆಟೊ ಹಣ್ಣಿನ ಹಾಗೆ ಕೆಂಪಾಗುತ್ತಿತ್ತು. ಯುಗಾದಿಯವರೆಗೂ ಅದೇ ಬಣ್ಣ. ಸ್ಟೇರಿಂಗ್ ಹಿಡಿದುಕೊಂಡೇ ಸೀನುತ್ತಿದ್ದರು. ಒಂದು ಸೀನಿಗೆ ನಿಲ್ಲುತ್ತಿರಲಿಲ್ಲ. ಹಿಂದೆ ಕೂತ ಮಕ್ಕಳೆಲ್ಲ "ಒನ್, ಟೂ, ತ್ರೀ" ಎಂದು ಕಿರುಚಿ ಎಣಿಸುತ್ತಿದ್ದವು. ನಿನ್ನೆಗಿಂತ ಒಂದು ಹೆಚ್ಚಾದರೆ ಚಪ್ಪಾಳೆ. ಆ ಚಪ್ಪಾಳೆ ಹಿಂದೆ ಬರುತ್ತಿದ್ದ ನನ್ನ ಆಟೋಗೂ ಕೇಳುತ್ತಿತ್ತು. ನನ್ನ ಆಟೋದ ಮಕ್ಕಳು ಕತ್ತು ಹೊರಗೆ ಹಾಕಿ ವ್ಯಾನನ್ನೇ ನೋಡುತ್ತಿದ್ದವು. ಆ ಮನುಷ್ಯ ಸೀನಿದರೂ ಅವಕ್ಕೆ ಖುಷಿ. ನಾನು ಹಾಡು ಹಾಕಿದರೂ ಮುಖ ಸಪ್ಪಗೆ.

ನಾವಿಬ್ಬರೂ ಪದ್ಮನಾಭನಗರದ ಒಂದೇ ಶಾಲೆಗೆ ಮಕ್ಕಳನ್ನು ಬಿಡುತ್ತಿದ್ದೆವು. ಚಿಕ್ಕಲಸಂದ್ರ, ಸುಬ್ರಹ್ಮಣ್ಯಪುರದ ಬೀದಿಗಳೇ ಇಬ್ಬರಿಗೂ. ಅವರಿಗೆ ಐವತ್ತು ದಾಟಿತ್ತು, ನನಗೆ ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಊರೆಲ್ಲ ಅವರನ್ನು ವ್ಯಾನ್ ಅಂಕಲ್ ಅನ್ನುತ್ತಿತ್ತು, ನಾನು ಅಣ್ಣ ಅನ್ನುತ್ತಿದ್ದೆ. ಬಾಯಲ್ಲಿ ಅಣ್ಣ, ಹೊಟ್ಟೆಯಲ್ಲಿ ಉರಿ.

ಯಾಕೆ ಉರಿಯಬಾರದು? ಹಬ್ಬ ಬಂದರೆ ಅವರ ಡ್ಯಾಶ್‌ಬೋರ್ಡಿನ ಮೇಲೆ ಡಬ್ಬಿಗಳ ಸಾಲು. ಒಂದು ಮನೆಯ ಒಬ್ಬಟ್ಟು, ಇನ್ನೊಂದು ಮನೆಯ ಪುಳಿಯೋಗರೆ. ಅದೇ ಗೇಟಿನಲ್ಲಿ ಅದೇ ತಾಯಂದಿರು ನನಗೆ ಹೇಳುವುದು, "ಯಾಕಪ್ಪಾ ಇಷ್ಟ್ ಲೇಟು?" ನಮ್ಮಮ್ಮ ಅದೇ ಬೀದಿಗಳ ಎರಡು ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳೂ ಸಂಜೆ ಬಂದು, "ಆ ವ್ಯಾನಿನವ್ರನ್ನ ನೋಡಿ ಸಮಾಧಾನ ಕಲ್ಕೊಳೋ" ಅನ್ನುತ್ತಿದ್ದಳು. ಹೆತ್ತ ತಾಯಿಯೂ ಆ ಕಡೆಯೇ!

ನಾನು ಮನೆ ಮುಂದೆ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದೆ, ಮಗು ಇಳಿದು ಹೋಗುತ್ತಿತ್ತು. ಅವರು ಹಾಗಲ್ಲ. ಪ್ರತಿ ಮನೆಯಲ್ಲೂ ಇಳಿಯಬೇಕು, ಬ್ಯಾಗ್ ಹಿಡಿಯಬೇಕು, ಒಳಗಿನಿಂದ ಒಂದು ಕೈ ಬಂದು ಮಗುವಿನ ಕೈ ಹಿಡಿಯುವವರೆಗೂ ನಿಲ್ಲಬೇಕು. ಹಿಂದೆ ನಾನು ಕಾಯಬೇಕು.

"ಬೇಗ ಬಿಡಿ ಅಣ್ಣ, ಸಾಕು!"

"ಬಾಗ್ಲು ತೆಗ್ಯೋವರ್ಗೂ ನಮ್ ಮಗು ಕಣೋ. ತೆಗೆದ್ಮೇಲೆ ಅವ್ರದ್ದು."

ಅವರಿಗೆ ಒಂದು ರೋಗವಿತ್ತು. ಯಾರಿಗೂ ಬೇಡ ಅನ್ನಲು ಬರುತ್ತಿರಲಿಲ್ಲ. ಯಾವ ಮನೆಯವರು ಏನು ಕೊಟ್ಟರೂ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು, ಕೊಟ್ಟವರ ಎದುರಿಗೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಸಲ ಬೆಳಿಗ್ಗೆ ಎಲ್ಲ ಮನೆಯ ಬಾಗಿಲಲ್ಲೂ ಹೋಳಿಗೆ ತಿಂದು ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಕೇಳಿದರೆ, "ಮಗೂನೇ ನಂಬಿ ಕೊಟ್ಟಿದಾರೆ. ಹೋಳಿಗೆ ಬೇಡ ಅನ್ನೋಕಾಗುತ್ತೇನೋ?"

ಆ ವರ್ಷ ಚಳಿಯ ಜೊತೆಗೆ ರಸ್ತೆಯನ್ನೂ ಅಗೆದಿದ್ದರು. ಧೂಳೋ ಧೂಳು. ಸೀನು ನಿಲ್ಲಲೇ ಇಲ್ಲ. ಹಬ್ಬದ ಡಬ್ಬಿಗಳ ಹಾಗೆ ಈಗ ಮದ್ದು ಬರತೊಡಗಿತು. ಚಿಕ್ಕಲಸಂದ್ರದ ಅವಳಿ ಮಕ್ಕಳ ಅಮ್ಮ ಮೆಡಿಕಲ್ ಶಾಪಿನಿಂದ ಅಲರ್ಜಿ ಮಾತ್ರೆ ತಂದರು. "ಅಂಕಲ್, ಸಿಟ್ರಿಜಿನ್. ನಮ್ಮನೇಲಿ ಎಲ್ರೂ ಇದೇ ತಗೊಳ್ಳೋದು. ನನ್ ಮುಂದೇನೇ ನುಂಗಿ." ನುಂಗಿದರು. ಎರಡು ಬೀದಿ ಆಚೆ ಯೋಗ ಕ್ಲಾಸ್ ನಡೆಸುವ ಮೇಡಂ ಒಬ್ಬರಿದ್ದರು. ಅವರು ಒಂದು ಹಸಿರು ಡಬ್ಬಿಯನ್ನೇ ಕೊಟ್ಟರು. ಅಶ್ವಗಂಧ, ಜಟಾಮಾಂಸಿ ಇನ್ನೇನೇನೋ ಸೇರಿದ ಕ್ಯಾಪ್ಸೂಲು.

"ಮೈಗೆ ಶಕ್ತಿ ಬರುತ್ತೆ ಅಂಕಲ್, ಟೆನ್ಷನ್ ಹೋಗುತ್ತೆ. ಹರ್ಬಲ್ಲು, ಸೈಡ್ ಎಫೆಕ್ಟೇ ಇಲ್ಲ. ಎರಡು ತಗೊಳಿ."

ಎರಡು ತಗೊಂಡರು. ಅದೂ ಬೆಳಗಿನ ಟ್ರಿಪ್ಪಿನಲ್ಲಿ, ಅವರ ಗೇಟಿನಲ್ಲೇ. ದಿನಾ ಇದೇ ನಡೆಯಿತು. ಅವರು ಕೇಳುವುದು, "ಇವತ್ತಿಂದು ಆಯ್ತಾ ಅಂಕಲ್?" ಇವರು ನುಂಗಿ ತೋರಿಸುವುದು. ನಾನು ಹಿಂದೆ ಆಟೋದಲ್ಲಿ ಕೂತು ಎಲ್ಲ ನೋಡುತ್ತಿದ್ದೆ. ನನಗೂ ಆ ಧೂಳಿಗೆ ಕೆಮ್ಮಿತ್ತು. ನನಗೆ ಯಾರೂ ಒಂದು ಶುಂಠಿ ಚೂರೂ ಕೊಡಲಿಲ್ಲ.

ಒಂದು ಮಧ್ಯಾಹ್ನ ಪುಟ್ಟ ಮಕ್ಕಳನ್ನು ಮನೆಗೆ ಬಿಡಲು ಹೊರಟಿದ್ದೆವು. ಸುಬ್ರಹ್ಮಣ್ಯಪುರದ ಏರಿನಲ್ಲಿ ಜಾಮ್ ಆಯಿತು. ನೀರಿನ ಟ್ಯಾಂಕರ್ ಹಿಂದೆ ಅವರ ವ್ಯಾನು, ವ್ಯಾನಿನ ಹಿಂದೆ ನನ್ನ ಆಟೋ. ಟ್ಯಾಂಕರ್ ಮುಂದೆ ಹೋಯಿತು, ವ್ಯಾನು ಅಲ್ಲಾಡಲಿಲ್ಲ. ಹಾರನ್ ಹೊಡೆದೆ. ನನ್ನ ಹಿಂದಿನವರೂ ಹೊಡೆದರು. ಇವತ್ತು ಬಿಡಬಾರದು, ಎಲ್ಲರ ಮುಂದೆ ಚೆನ್ನಾಗಿ ಬೈಯಬೇಕು ಎಂದುಕೊಂಡೇ ಇಳಿದು ಹೋದೆ.

ಅವರ ಗದ್ದ ಎದೆಗೆ ತಾಗಿತ್ತು. ಕಣ್ಣು ಮುಚ್ಚಿತ್ತು. ಮುಂದಿನ ಸೀಟಿನಲ್ಲಿದ್ದ ಜಡೆ ಹುಡುಗಿ ನನ್ನನ್ನು ನೋಡಿ ತುಟಿಗೆ ಬೆರಳಿಟ್ಟಳು.

"ಶ್! ಅಂಕಲ್ ನಿದ್ದೆ ಮಾಡ್ತಿದಾರೆ. ಎಬ್ಬಿಸ್ಬೇಡಿ."

ಹಿಂದಿನ ಮಕ್ಕಳೂ "ಶ್... ಶ್..." ಅಂದವು. ಒಂದು ಗಳಿಗೆ ಬಾಯಿ ಮುಚ್ಚದ ಆ ಮಕ್ಕಳು ಅವರಿಗೋಸ್ಕರ ಉಸಿರು ಬಿಗಿಹಿಡಿದು ಕೂತಿದ್ದವು. ಆ ಗಳಿಗೆಯಲ್ಲೂ ನನ್ನೊಳಗೆ ಚುರುಕ್ ಅಂದಿತು. ಆಗಲೇ ಅವರ ಕಾಲು ಬ್ರೇಕಿನಿಂದ ಜಾರಿತು. ವ್ಯಾನು ಹಿಂದಕ್ಕೆ ಹೊರಟಿತು. ಹಿಂದೆ ನನ್ನ ಆಟೋ, ಒಳಗೆ ಮಕ್ಕಳು.

"ಅಣ್ಣಾ!" ಎಂದು ಕಿರುಚಿ ಕಿಟಕಿಯಿಂದಲೇ ಅವರ ಭುಜಕ್ಕೆ ಬಲವಾಗಿ ಹೊಡೆದೆ. ಬೆಚ್ಚಿ ಬ್ರೇಕ್ ತುಳಿದರು. ವ್ಯಾನಿಗೂ ಆಟೋಗೂ ನಡುವೆ ಒಂದು ಗೇಣು ಉಳಿದಿತ್ತು.

ಹ್ಯಾಂಡ್ ಬ್ರೇಕ್ ಎಳೆದರು. ಇಂಜಿನ್ ಆಫ್ ಮಾಡಿದರು. ಇಳಿದು ಹಿಂದೆ ಹೋಗಿ ಆ ಗೇಣು ಜಾಗವನ್ನು ನೋಡಿದರು. ಕೀ ನನ್ನ ಕೈಗಿಟ್ಟರು.

"ನಿನ್ ಮಕ್ಳನ್ನೂ ಇದ್ರಲ್ಲೇ ಕೂರಿಸ್ಕೊ. ಎಲ್ರನ್ನೂ ನೀನೇ ಬಿಟ್ಬಾ. ನಾನು ಮುಟ್ಟಲ್ಲ."

ಆಟೋ ಪಕ್ಕಕ್ಕೆ ಹಾಕಿ, ಎಲ್ಲರನ್ನೂ ಬಿಟ್ಟು ವಾಪಸ್ ಬಂದೆ. ಅವರು ರಸ್ತೆ ಪಕ್ಕದ ಕಾಂಪೌಂಡ್ ಗೋಡೆಗೆ ಒರಗಿ ಮತ್ತೆ ನಿದ್ದೆ ಹೋಗಿದ್ದರು. ಎಬ್ಬಿಸಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬಿಪಿ, ಶುಗರ್ ಎಲ್ಲ ನೋಡಿ ಕೇಳಿದರು, "ಏನೇನ್ ಮಾತ್ರೆ ತಗೋತಿದೀರ?"

"ಅಲರ್ಜಿದು ಒಂದೇ ಮೇಡಂ. ಬೇರೇನಿಲ್ಲ."

"ಸುಳ್ಳು ಮೇಡಂ" ಅಂದೆ ನಾನು. ಯಾವ ಮನೆಯಲ್ಲಿ ಯಾವ ಮದ್ದು, ಎಷ್ಟು, ಯಾವ ಬಣ್ಣದ ಡಬ್ಬಿ, ಎಲ್ಲ ಹೇಳಿದೆ. ಹೊಟ್ಟೆಕಿಚ್ಚಿನವನಿಗೆ ಎಲ್ಲ ನೆನಪಿರುತ್ತದೆ.

ವ್ಯಾನ್ ಅಂಕಲ್ ಮೆಲ್ಲಗೆ, "ಅದು ನಾರು ಬೇರು ಮೇಡಂ. ಅದನ್ನ ಮಾತ್ರೆ ಅಂತಾರಾ?" ಅಂದರು.

"ನಾರು ಬೇರು ಏನೂ ಮಾಡಲ್ಲ ಅನ್ನೋದಾದ್ರೆ ಯಾಕ್ರೀ ನುಂಗ್ತೀರ?" ಡಾಕ್ಟರಮ್ಮ ಗದರಿದರು. "ಕೆಲಸ ಮಾಡುತ್ತೆ ಅಂತ ತಾನೆ? ಈ ಅಲರ್ಜಿ ಮಾತ್ರೇಲೇ ಕೆಲವರಿಗೆ ತೂಕಡಿಕೆ ಬರುತ್ತೆ. ಆ ಕ್ಯಾಪ್ಸೂಲಲ್ಲಿರೋದೂ ಮಂಪರು ತರಿಸೋದೇ. ಎರಡೂ ಸೇರಿದ್ರೆ ಇನ್ನೂ ಜಾಸ್ತಿ. ಅದ್ರಲ್ಲೂ ಗಾಡಿ ಓಡಿಸೋರು! ಅಂಗಡೀಲಿ ಮಾತ್ರೆ ತಗೊಳೋವಾಗ್ಲೇ ಕೇಳ್ಬೇಕು, ನಾನು ಇದನ್ನೂ ತಿಂತಿದೀನಿ, ಪರವಾಗಿಲ್ವಾ ಅಂತ."

ಎರಡನ್ನೂ ನಿಲ್ಲಿಸಿ, ಮೈ ಹಗುರಾಗುವವರೆಗೂ ಗಾಡಿ ಮುಟ್ಟಬೇಡಿ, ಸೀನಿಗೆ ಬೇರೆ ಏನು ಕೊಡಬಹುದು ಆಮೇಲೆ ನೋಡೋಣ ಎಂದು ಕಳಿಸಿದರು.

ಹೊರಗೆ ಬಂದು ನಾನು ಹೇಳಿದೆ, "ಅಣ್ಣ, ಯಾರಿಗೂ ಗೊತ್ತಾಗಿಲ್ಲ. ಜ್ವರ ಅಂತ ಹೇಳಿ ಮನೇಲಿರಿ."

"ಒಂದೊಂದು ಮನೆ ಗೇಟಲ್ಲೂ ಹೇಳ್ಬೇಕು ಕಣೋ."

"ಹೇಳಿದ್ರೆ ವ್ಯಾನ್ ಖಾಲಿ ಆಗುತ್ತೆ. ಆಮೇಲೆ ಏನ್ ಮಾಡ್ತೀರ?"

"ಆಗ್ಲಿ. ನಾಳೆ ಇನ್ನೊಬ್ಬ ಡ್ರೈವರ್‌ಗೆ ಇದೇ ಡಬ್ಬಿ ಕೊಟ್ರೆ?"

ಮಾರನೇ ದಿನ ನನ್ನ ಆಟೋದ ಮಕ್ಕಳನ್ನೂ ಕೂರಿಸಿಕೊಂಡು ನಾನು ವ್ಯಾನು ಓಡಿಸಿದೆ, ಅವರು ಪಕ್ಕದಲ್ಲಿ ಕೂತರು. ಪ್ರತಿ ಗೇಟಿನಲ್ಲೂ ಇಳಿದು ಅದೇ ಮಾತು: "ನಿನ್ನೆ ಏರಲ್ಲಿ ನಿದ್ದೆ ಮಾಡ್ಬಿಟ್ಟೆ. ವ್ಯಾನ್ ಹಿಂದಕ್ಕೆ ಹೋಯ್ತು. ಮಕ್ಳಿಗೆ ಏನೂ ಆಗ್ಲಿಲ್ಲ, ಆಗ್ಬಹುದಿತ್ತು." ಒಬ್ಬ ಅಪ್ಪ ಮಗನ ಕೈ ಹಿಡಿದುಕೊಂಡು ಒಳಗೆ ಹೋದ. ಅವಳಿ ಮಕ್ಕಳ ಅಮ್ಮ ಇಬ್ಬರನ್ನೂ ಹತ್ತಿರಕ್ಕೆ ಎಳೆದುಕೊಂಡರು. ಯೋಗದ ಮೇಡಂ ಅತ್ತೇಬಿಟ್ಟರು.

"ಹರ್ಬಲ್ ಅಂತ ಅಲ್ವಾ ಅಂಕಲ್ ಕೊಟ್ಟಿದ್ದು..."

"ಪ್ರೀತಿಯಿಂದ ಕೊಟ್ರಿ ಮೇಡಂ. ನೀವು ಕೊಟ್ಟಿದ್ದು ಅವಳಿ ಮಕ್ಕಳ ಅಮ್ಮಂಗೆ ಹೇಳ್ಲಿಲ್ಲ, ಅವ್ರು ಕೊಟ್ಟಿದ್ದು ನಿಮ್ಗೆ ಹೇಳ್ಲಿಲ್ಲ. ಹೇಳಿದ್ರೆ ಯಾರಾದ್ರೂ ಬೇಜಾರ್ ಮಾಡ್ಕೊತಾರೆ ಅಂತ ಎಲ್ಲಾನೂ ನುಂಗ್ದೆ."

"ಈಗ ಯಾರು ಓಡಿಸ್ತಾರೆ?" ಎಂದು ಮೇಡಂ ಗಂಡ ಕೇಳಿದರು.

ವ್ಯಾನ್ ಅಂಕಲ್ ನನ್ನ ಕಡೆ ಕೈ ತೋರಿಸಿದರು. "ಇವ್ನು ಸಾರ್. ಬಾಯಿ ಜೋರು. ಆದ್ರೆ ಕಣ್ಣು ಮುಚ್ಚಲ್ಲ. ಇಷ್ಟ್ ವರ್ಷ ನನ್ನೇ ದುರುದುರು ನೋಡ್ಕೊಂಡು ಹಿಂದೆ ಬಂದಿದಾನೆ. ಅದಕ್ಕೇ ನಿನ್ನೆ ಮಕ್ಳು ಉಳ್ಕೊಂಡ್ವು."

ನನ್ನ ಕಿವಿ ಬಿಸಿಯಾಯಿತು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಕೆಲವರು ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದರು. ಉಳಿದವರು ಉಳಿದರು. ಡಾಕ್ಟರಮ್ಮ ಸರಿ ಅಂದ ಮೇಲೆ ಅವರು ಮತ್ತೆ ಸ್ಟೇರಿಂಗ್ ಹಿಡಿದರು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಯಾರಾದರೂ ಚೂರ್ಣ ತಂದರೆ ಕಣ್ಣಿಗೊತ್ತಿಕೊಂಡು ವಾಪಸ್ ಕೊಡುತ್ತಿದ್ದರು. "ಡಾಕ್ಟರನ್ನ ಕೇಳ್ದೆ ತಗೊಳಲ್ಲ ಅಮ್ಮಾ" ಅನ್ನುವುದಕ್ಕೆ ಹತ್ತು ಸಲ ತೊದಲುತ್ತಿದ್ದರು. ಕೊನೆಗೆ ಮಂಡಿ ನೋವು ಜಾಸ್ತಿಯಾಗಿ, ವ್ಯಾನನ್ನೂ ಮಕ್ಕಳನ್ನೂ ನನಗೇ ಒಪ್ಪಿಸಿ ಮನೆಯಲ್ಲಿ ಕೂತರು. ಬೇರೆ ಯಾರಿಗಾದರೂ ಬೇಕಾ ಎಂದು ಕೇಳಲೂ ಇಲ್ಲ.

ಹೋದ ವರ್ಷ ಅವರು ಎದೆನೋವಿನಿಂದ ತೀರಿಕೊಂಡರು. ಸುದ್ದಿ ಬಂದಾಗ ವ್ಯಾನಿನಲ್ಲಿ ಮಕ್ಕಳಿದ್ದವು. ಮಕ್ಕಳಿಗೆ ಹೇಳಲಿಲ್ಲ. ಒಂದೊಂದು ಮನೆಯಲ್ಲೂ ಇಳಿದು, ಬಾಗಿಲು ತೆಗೆಯುವವರೆಗೂ ನಿಂತು, ಕೊನೆಯ ಮಗುವನ್ನು ಒಪ್ಪಿಸಿ ಆಮೇಲೆ ಅವರ ಮನೆಗೆ ಹೋದೆ.

ಬೀದಿ ತುಂಬ ಜನ. ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದವರೂ ಬಂದಿದ್ದರು. ಅವರ ವ್ಯಾನಿನಲ್ಲಿ ಶಾಲೆಗೆ ಹೋಗಿ ಈಗ ಕಾಲೇಜು ಸೇರಿದ ಹುಡುಗರು ಶಾಮಿಯಾನ ಕಟ್ಟುತ್ತಿದ್ದರು. ನನಗೆ ಗೇಟಿನ ಒಳಗೆ ಕಾಲಿಡಲೂ ಜಾಗ ಸಿಗಲಿಲ್ಲ. ಒಬ್ಬ ಮನುಷ್ಯನಿಗೆ ಇಷ್ಟು ಜನವಾ ಎಂದು ಹೊಟ್ಟೆ ಉರಿಯಿತು. ಉರಿಯುತ್ತಲೇ ಕಣ್ಣಲ್ಲಿ ನೀರು ಬಂತು.

ಊರಿನಿಂದ ಬಂದ ಅವರ ನೆಂಟರೊಬ್ಬರು ನನ್ನ ಭುಜ ಮುಟ್ಟಿ, "ನೀನ್ ಯಾರಪ್ಪ, ಏನಾಗ್ಬೇಕು ಇವ್ರಿಗೆ?" ಎಂದು ಕೇಳಿದರು.

ವ್ಯಾನು ನನ್ನ ಹೆಸರಿಗೆ ಆಗಿ ಎಷ್ಟೋ ಕಾಲವಾಗಿತ್ತು.

"ಅವ್ರ ವ್ಯಾನ್ ಓಡಿಸ್ತೀನಿ" ಅಂದೆ. ಜನ ಸ್ವಲ್ಪ ಸರಿದು ದಾರಿ ಬಿಟ್ಟರು.