ಕಿಟಕಿಯಲ್ಲಿಟ್ಟ ಬಾಟಲಿ

ಹೊಸಪೇಟೆಯ ಒಂದು ಖಾಸಗಿ ಲ್ಯಾಬಿನಲ್ಲಿ ವಿಜಯಲಕ್ಷ್ಮೀ ಹತ್ತೊಂಬತ್ತು ವರ್ಷದಿಂದ ಮೂತ್ರ ಪರೀಕ್ಷೆ ಮಾಡುತ್ತಿದ್ದರು. ತಮ್ಮ ಸಹಿ ಬಿದ್ದ ರಿಪೋರ್ಟ್ ಎಂದೂ ತಿರುಗಿ ಬಂದಿಲ್ಲ ಎಂಬ ಹೆಮ್ಮೆ ಅವರಿಗಿತ್ತು. ಕಳೆದ ಏಪ್ರಿಲ್‌ನಲ್ಲಿ ಒಂದು ತಿರುಗಿ ಬಂತು. ಕಂಪ್ಲಿಯ ಬಸುರಿ ಗಂಗೋತ್ರಿಗೆ ಮೂತ್ರದ ಸೋಂಕು ಜೋರಾಗಿದೆ ಎಂದು ಇವರು ಬರೆದಿದ್ದರು. ಡಾಕ್ಟರು ಅನುಮಾನಪಟ್ಟು ಬೇರೆ ಕಡೆ ಮತ್ತೆ ಮಾಡಿಸಿದರೆ ಏನೂ ಇರಲಿಲ್ಲ.

ಕಂಪ್ಲಿಯಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವ ಪಂಪೇಶನಿಗೆ ಫೋನ್ ಮಾಡಿದರು.

"ಬೆಳಿಗ್ಗೆ ಏಳಕ್ಕ ತಗೊಂತೀನ್ರಿ ಮೇಡಂ. ಎಲ್ಲಾ ಕೂಡಿದ ಮ್ಯಾಲೆ ಮಧ್ಯಾಹ್ನದ ಬಸ್ಸಿಗೆ ಹಾಕ್ತೀನಿ."

"ಐಸ್ ಡಬ್ಬಿ?"

"ಅದು ಒಡದು ವರ್ಷ ಆತಲ್ರಿ. ಸರ್‌ಗೆ ಅವಾಗೇ ಹೇಳೀನಿ."

ವಿಜಯಲಕ್ಷ್ಮೀ ಫೋನ್ ಇಟ್ಟರು. ಒಂದು ವರ್ಷದಿಂದ ಬಿಸಿಲಲ್ಲಿ ಬೆಂದ, ಆರು ತಾಸಿನ ಮೂತ್ರವನ್ನು ತಾಜಾ ಎಂದು ನಂಬಿ ಬರೆದಿದ್ದರು. ಬಾಟಲಿಯ ಚೀಟಿಯಲ್ಲಿ ಸ್ಯಾಂಪಲ್ ತೆಗೆದ ವೇಳೆ ಬರೆಯುವ ಜಾಗ ದಿನಾ ಖಾಲಿ ಇರುತ್ತಿತ್ತು. ತಾವೂ ಕೇಳಿರಲಿಲ್ಲ.

"ನಾಕೈದು ತಾಸಿಗೆ ಏನಾಗ್ತದ್ರಿ? ಸುಮ್ನ ದೊಡ್ಡದು ಮಾಡಬ್ಯಾಡ್ರಿ" ಎಂದರು ಲ್ಯಾಬಿನ ಮಾಲೀಕ ತಿರುಮಲ.

ತೋರಿಸಿಯೇ ಬಿಡೋಣ ಎಂದು ಮರುದಿನ ಬೆಳಿಗ್ಗೆ ಏಳಕ್ಕೆ ವಿಜಯಲಕ್ಷ್ಮೀ ತಮ್ಮದೇ ಮೂತ್ರವನ್ನು ಮೂರು ಬಾಟಲಿಗೆ ಹಂಚಿದರು. ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟರು. ಮೂರನೆಯದರಲ್ಲಿ ಆಗಲೇ ಬಣ್ಣ ಬದಲಿಸಿ ತೋರಿಸುವ ಪರೀಕ್ಷೆಯ ಪಟ್ಟಿ ಅದ್ದಿದರು.

ಹಳದಿಯಾಗಿಯೇ ಉಳಿಯಬೇಕಿದ್ದ ಪ್ರೋಟೀನಿನ ಚೌಕ ಕಡು ಹಸಿರಾಯಿತು.

ಪಟ್ಟಿ ಕೆಟ್ಟಿರಬೇಕು ಎಂದು ಹೊಸ ಡಬ್ಬಿ ಒಡೆದರು. ಮತ್ತೆ ಹಸಿರು. ಗಾಜಿನ ನಳಿಕೆಯಲ್ಲಿ ಹಾಕಿ ದೀಪದ ಮೇಲೆ ಕಾಯಿಸಿದರು. ಮೇಲ್ಭಾಗ ಮಜ್ಜಿಗೆಯಂತೆ ಬೆಳ್ಳಗಾಯಿತು. ಆಮ್ಲದ ಹನಿ ಬಿಟ್ಟರೂ ತಿಳಿಯಾಗಲಿಲ್ಲ; ಪ್ರೋಟೀನೇ ಅದು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ರಕ್ತಕಣಗಳು ಅಂಟಿಕೊಂಡ ಸಣ್ಣ ಸಣ್ಣ ಕಡ್ಡಿಗಳು. ಲ್ಯಾಬಿನವರು ಕಾಸ್ಟ್ ಎನ್ನುವ ಅವು ಹುಟ್ಟುವುದು ಕಿಡ್ನಿಯ ಒಳಗೆ. ಕಂಡವೆಂದರೆ ರೋಗ ಕಿಡ್ನಿಗೇ ತಗುಲಿದೆ ಎಂದು ಅರ್ಥ. ಕೆಲವು ವಾರದಿಂದ ಕಾಲು ಊದುತ್ತಿದ್ದುದಕ್ಕೆ ದಿನವಿಡೀ ನಿಲ್ಲುವುದೇ ಕಾರಣ ಅಂದುಕೊಂಡಿದ್ದರು. ಈಗ ಬಗ್ಗಿ ಪಾದವನ್ನು ಬೆರಳಿನಿಂದ ಒತ್ತಿ ನೋಡಿದರು, ಕುಳಿ ಹಾಗೆಯೇ ಉಳಿಯಿತು.

ಆದರೂ ಮಧ್ಯಾಹ್ನ ಒಂದು ಗಂಟೆಯವರೆಗೆ ಕಾದರು. ಫ್ರಿಜ್ಜಿನ ಬಾಟಲಿಯಲ್ಲಿ ಕಡ್ಡಿಗಳು ಹಾಗೆಯೇ ಇದ್ದವು. ಕಿಟಕಿಯದರಲ್ಲಿ ಒಂದೂ ಇರಲಿಲ್ಲ. ಎಲ್ಲ ಕರಗಿ, ಬ್ಯಾಕ್ಟೀರಿಯಾ ಗಿಜಿಗುಡುತ್ತಿದ್ದವು.

ತಿರುಮಲ ಬಗ್ಗಿ ನೋಡಿದರು. "ಯಾರ್ದಿದು?"

"ನಂದೇರಿ ಸರ್. ಕಂಪ್ಲಿಯಿಂದ ಬಂದಿದ್ರ ಸೋಂಕು ಅಂತ ಬರದು ಕಳಸ್ತಿದ್ದೆ."

ತಿರುಮಲ ಸ್ಟೂಲ್ ಎಳೆದುಕೊಂಡು ಕುಳಿತರು. ಆಮೇಲೆ ಐಸ್ ಡಬ್ಬಿಗಳು ಬಂದವು, ವೇಳೆ ಬರೆಯದ ಬಾಟಲಿ ಮುಟ್ಟಬಾರದೆಂದಾಯಿತು. ವಿಜಯಲಕ್ಷ್ಮಿಗೆ ಬಳ್ಳಾರಿಯಲ್ಲಿ ಮಾತ್ರೆ ಶುರುವಾಯಿತು. ಬೇಗ ಬಂದಿದ್ದೀರಿ ಎಂದರು ಅಲ್ಲಿನ ಡಾಕ್ಟರು.

ಆ 'ಬೇಗ' ಎಂಬ ಮಾತು ಅವರನ್ನು ಮಲಗಗೊಡಲಿಲ್ಲ. ಲ್ಯಾಬಿನ ಹೆಸರು ಕೆಡುತ್ತದೆ ಎಂದು ತಿರುಮಲ ತಡೆದರೂ ಕೇಳದೆ, ಒಂದು ವರ್ಷದ ಕಂಪ್ಲಿಯ ರಿಪೋರ್ಟ್‌ಗಳನ್ನು ಹರವಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿ, ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಬಹಳ ಮಂದಿಗೆ ಏನೂ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಸೋಂಕು ಎಂದು ಬರೆಸಿಕೊಂಡಿದ್ದ ಎರ್ರಿಯಪ್ಪನ ಫೋನನ್ನು ಹೆಂಡತಿ ದ್ಯಾಮಕ್ಕ ಎತ್ತಿದಳು.

"ಅವ್ರು ಈಗ ವಾರಕ್ಕ ಎರಡು ಸಲ ಡಯಾಲಿಸಿಸ್‌ಗೆ ಹೋಗ್ತಾರ್ರಿ."

ಭಾನುವಾರ ವಿಜಯಲಕ್ಷ್ಮೀ ಕಂಪ್ಲಿಗೆ ಹೋದರು. ದ್ಯಾಮಕ್ಕ ಕಟ್ಟೆಯ ಮೇಲೆ ಮೊರದಲ್ಲಿ ಶೇಂಗಾಕಾಯಿ ಸುಲಿಯುತ್ತಿದ್ದಳು.

"ಸೆಪ್ಟೆಂಬರ್‌ದಾಗ ಅವ್ರ ರಿಪೋರ್ಟ್ ಬರದಾಕಿ ನಾನೇ. ಕಿಡ್ನಿ ರೋಗ ಅದರಾಗ ಕಾಣ್ಲಿಲ್ಲ. ಸ್ಯಾಂಪಲ್ ಹಳಸಿತ್ತು, ಯಾವಾಗ ತಗೊಂಡದ್ದು ಅಂತ ನಾನು ಕೇಳ್ಲಿಲ್ಲ."

ದ್ಯಾಮಕ್ಕನ ಕೈ ನಿಂತಿತು. "ಅವಾಗ ಗೊತ್ತಾಗಿದ್ರ ಕಿಡ್ನಿ ಉಳೀತಿತ್ತೇನವ್ವ?"

"ಉಳೀಬಹುದಿತ್ತು. ಖಾತ್ರಿ ಹೇಳಾಕ ಬರಂಗಿಲ್ಲ."

"ಕುಡದು ಕುಡದು ಕಿಡ್ನಿ ಕಳಕೊಂಡಿ ಅಂತ ದಿನಾ ಬೈದೀನವ್ವ ನಾನು" ಎಂದಳು ದ್ಯಾಮಕ್ಕ. "ಒಂದಿನಾನೂ ಎದುರು ಮಾತಾಡ್ಲಿಲ್ಲ ಆ ಮನಷ್ಯ."

ಮೊರವನ್ನು ಪಕ್ಕಕ್ಕೆ ಸರಿಸಿ, ಗಂಡ ಮಲಗಿದ್ದ ಒಳಮನೆಗೆ ಎದ್ದು ಹೋದಳು. ವಿಜಯಲಕ್ಷ್ಮೀ ಕಟ್ಟೆಯ ಮೇಲೆಯೇ ಕುಳಿತಿದ್ದರು.